ಏಳು ರಟ್ಟಿನ ಪೆಟ್ಟಿಗೆಗಳ ಪರವಾಗಿ ಒಂದು ತಕರಾರು



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ಪಾಟ್‌ಲಕ್ಕಿಗೆ ಯಾರು ಎಷ್ಟು ಟ್ರೇ ಬಿಸಿಬೇಳೆ ಭಾತ್ ತರಬೇಕೆಂಬ ಪಟ್ಟಿಯ ಕೆಳಗೆ, ಮೂರು ಸಾಲಿನ ಒಂದು ಪ್ರಕಟಣೆ ಇತ್ತು. ಬಹಳ ಮಂದಿ ಗಮನಿಸಿರಲಾರರು. ಕೂಟದ ಸಾಮಾನು ಇಟ್ಟಿರುವ ಸ್ಟೋರೇಜ್ ಕೋಣೆಯ ಬಾಡಿಗೆ ಏರಿರುವುದರಿಂದ ಬೇಸಿಗೆಯೊಳಗೆ ಅದನ್ನು ಖಾಲಿ ಮಾಡುವುದೆಂದೂ, ಅಲ್ಲಿರುವ ‘ಹಳೆಯ ಕ್ಯಾಸೆಟ್ಟುಗಳ ಏಳು ಪೆಟ್ಟಿಗೆಗಳನ್ನು ಸೂಕ್ತ ರೀತಿಯಲ್ಲಿ ವಿಲೇವಾರಿ’ ಮಾಡುವುದೆಂದೂ ಕಮಿಟಿ ತೀರ್ಮಾನಿಸಿದೆಯಂತೆ. ಅದೇ ಸಂಚಿಕೆಯ ಒಳಪುಟದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಈ ತೀರ್ಮಾನವನ್ನು ಸಮರ್ಥಿಸಿ ಒಂದು ಪುಟ ಬರೆದಿದ್ದಾರೆ. ಅವರನ್ನು ನಾನು ಇಪ್ಪತ್ತೈದು ವರ್ಷದಿಂದ ಅಣ್ಣ ಎಂದೇ ಕರೆಯುತ್ತಾ ಬಂದವಳು. ಅವರ ಮನೆಯಲ್ಲಿ ಉಂಡ ಮಜ್ಜಿಗೆಹುಳಿಯ ಋಣ ನನ್ನ ಮೇಲಿದೆ. ಆದರೂ ಈ ಒಂದು ವಿಷಯದಲ್ಲಿ ಅಣ್ಣನ ಮಾತಿಗೆ ತಲೆ ಆಡಿಸಲು ಸಾಧ್ಯವಾಗದೆ ಪೆನ್ನು ಹಿಡಿದಿದ್ದೇನೆ.

‘ವಿಲೇವಾರಿ’ ಬಹಳ ಸಭ್ಯವಾದ ಪದ. ಕಸದ ಲಾರಿಗೆ ಹಾಕುವುದಕ್ಕೆ ಸರ್ಕಾರಿ ಕನ್ನಡದಲ್ಲಿ ಹಾಗೆನ್ನುತ್ತಾರೆ, ಅಷ್ಟೇ.

ನಾನು ಯಾವ ಅಧಿಕಾರದಿಂದ ಮಾತಾಡುತ್ತಿದ್ದೇನೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡುತ್ತೇನೆ. ಹುದ್ದೆಯ ಹೆಸರು ಡಿಜಿಟಲ್ ಆರ್ಕಿವಿಸ್ಟ್, ಪಾರ್ಟ್‌ಟೈಮ್. ಹಳೆಯ ಆಡಿಯೊ, ವಿಡಿಯೊ ಟೇಪುಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿ, ಮುಂದೆ ಹುಡುಕುವವರಿಗೆ ಸಿಗುವಂತೆ ಕಾಪಾಡುವುದು ನನ್ನ ಕೆಲಸ. ಎರಡು ವರ್ಷಕ್ಕೊಮ್ಮೆ ಗ್ರ್ಯಾಂಟ್ ಬಂದರೆ ಕೆಲಸ ಉಂಟು, ಬಾರದಿದ್ದರೆ ಮನೆ ಉಂಟು. ಕೂಟದ ಊಟದ ಸಾಲಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಇನ್ನೂ ಆ ಕ್ಯಾಸೆಟ್ ಕಾಪಿ ಮಾಡೋ ಕೆಲಸಾನೇನಾ? ಮಕ್ಕಳು ದೊಡ್ಡೋರಾದ್ರು, ಟೈಂಪಾಸಿಗೆ ಒಳ್ಳೇದು ಬಿಡಿ.” ನಾನು ನಕ್ಕು ಹೋಳಿಗೆ ಹಾಕಿಸಿಕೊಂಡು ಮುಂದೆ ಹೋಗುತ್ತೇನೆ. ಆದರೆ ಆ ಪ್ರಶ್ನೆಯಲ್ಲಿರುವ ತಪ್ಪು ತಿಳಿವಳಿಕೆಯೇ ಕಮಿಟಿಯ ತೀರ್ಮಾನದಲ್ಲಿಯೂ ಇದೆ. ಈ ಕೆಲಸವೆಂದರೆ ಗುಂಡಿ ಒತ್ತಿ ಕಾಫಿ ಕುಡಿಯುವುದು, ಯಾರು ಬೇಕಾದರೂ ಯಾವಾಗ ಬೇಕಾದರೂ ಮಾಡಬಹುದು, ಆದ್ದರಿಂದ ಯಾರೂ ಯಾವಾಗಲೂ ಮಾಡಬೇಕಾಗಿಲ್ಲ ಎಂಬುದು ಆ ತಿಳಿವಳಿಕೆ.

ಕಮಿಟಿಯ ಅನುಮತಿ ಪಡೆದು ಎರಡು ಶನಿವಾರ ಆ ಕೋಣೆಯಲ್ಲಿ ಕೂತು ಪೆಟ್ಟಿಗೆಗಳನ್ನು ಎಣಿಸಿ ಬಂದಿದ್ದೇನೆ. ಒಟ್ಟು 210 ಕ್ಯಾಸೆಟ್ಟು. ಹೆಚ್ಚಿನವು ವಿಎಚ್‌ಎಸ್. ಕೆಲವು ಕೈಗಾತ್ರದ ವಿಡಿಯೊ–8, ಮಿನಿಡಿವಿ. ಒಂದು ಪೆಟ್ಟಿಗೆ ತುಂಬ ಮಾಮೂಲಿ ಆಡಿಯೊ ಕ್ಯಾಸೆಟ್ಟು. ಇವುಗಳಲ್ಲಿ ಸುಮಾರು 60 ಬೇಡದವು ಎಂದು ನಾನೇ ಒಪ್ಪುತ್ತೇನೆ. ಇಂಡಿಯನ್ ಗ್ರೋಸರಿ ಅಂಗಡಿಯಿಂದ ಬಾಡಿಗೆಗೆ ತಂದು ನಕಲು ಮಾಡಿಕೊಂಡ ಸಿನಿಮಾಗಳು, ಒಂದೇ ನಾಟಕದ ನಾಲ್ಕು ನಕಲುಗಳು, ಕ್ಯಾಮೆರಾ ಆಫ್ ಮಾಡಲು ಮರೆತು ಒಂದೂವರೆ ಗಂಟೆ ಸಭಾಂಗಣದ ನೆಲವನ್ನೇ ಹಿಡಿದಿರುವ ಒಂದು ಮಹಾಕೃತಿ. ಎಲ್ಲವನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂದು ಆರಿಸುವುದೇ ಆರ್ಕಿವಿಸ್ಟ್ ಮಾಡುವ ಮೊದಲನೆಯ ಕೆಲಸ. ಉಳಿದ 150 ಟೇಪುಗಳು ನಮ್ಮವು. ಜಗತ್ತಿನಲ್ಲಿ ಅವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ.

ಈಗ ಅಣ್ಣನವರ ನಾಲ್ಕು ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು: “ಇವನ್ನೆಲ್ಲ ಯಾರು ನೋಡುತ್ತಾರೆ?”

‘ಯುಗಾದಿ 88, ಇತರೆ’ ಎಂದು ಬರೆದ ಒಂದು ಟೇಪನ್ನು ಮನೆಗೆ ತಂದು ನನ್ನ ಸ್ವಂತ ಯಂತ್ರದಲ್ಲಿ ಹಾಕಿದೆ. ಯುಗಾದಿಯ ಭಾಗದಲ್ಲಿ ವಿಶೇಷವೇನಿಲ್ಲ, ಸ್ವಾಗತ ಭಾಷಣ, ಮೈಕು ಕೆಟ್ಟಿದ್ದು, ಮತ್ತೆ ಸ್ವಾಗತ ಭಾಷಣ. ನಿಜವಾದ ಯುಗಾದಿ ಇದ್ದದ್ದು ಆ ‘ಇತರೆ’ಯಲ್ಲಿ. ಊಟ ಮುಗಿದ ಮೇಲೆ ಹಾಲಿನ ಮೂಲೆಯಲ್ಲಿ ಐವರು ಅಜ್ಜಿಯರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಎಲ್ಲರೂ ಮಗಳದೋ ಸೊಸೆಯದೋ ಬಾಣಂತನಕ್ಕೆಂದು ಆರು ತಿಂಗಳ ವೀಸಾದಲ್ಲಿ ಬಂದವರು. ಸೀರೆಯ ಮೇಲೆ ಅಳಿಯನ ಜಾಕೆಟ್ಟು, ಕಾಲಿಗೆ ಸಾಕ್ಸು. ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಶಿವಮೊಗ್ಗದ ಕಡೆ, ಒಬ್ಬರು ಮಂಗಳೂರು, ಇನ್ನಿಬ್ಬರು ಮೈಸೂರು, ಮಂಡ್ಯ ಎಂದು ಅವರ ಮಾತಿನಿಂದಲೇ ತಿಳಿಯುತ್ತದೆ. ಆರತಿ ಹಾಡು ಒಂದನ್ನು ಒಬ್ಬರು ಎತ್ತಿಕೊಂಡರು. ಇನ್ನೊಬ್ಬರು “ಅಯ್ಯೋ, ನಮ್ಮ ಕಡೆ ಹಂಗಲ್ಲ” ಎಂದು ತಡೆದು ತಮ್ಮ ಧಾಟಿಯಲ್ಲಿ ಹಾಡಿದರು. ಮೂರನೆಯವರದು ಮತ್ತೊಂದು ಧಾಟಿ, ಮಾತೂ ಬೇರೆ. ಇಪ್ಪತ್ತೆರಡು ನಿಮಿಷ ಹೀಗೇ ಜಗಳ, ನಗು, ಹಾಡು. ಕೊನೆಗೆ ಐವರೂ ಸೇರಿ ಹಾಡಿದ ಧಾಟಿ ಯಾರ ಊರಿನದೂ ಅಲ್ಲ.

ಬಂಧುಗಳೇ, ಇದು ಕರ್ನಾಟಕದಲ್ಲಿ ನಡೆಯುತ್ತಿತ್ತೇ? ಈ ಐವರು ಅಲ್ಲಿ ಒಂದು ಕಡೆ ಕೂರುವ ಸಂದರ್ಭವೇ ಬರುತ್ತಿರಲಿಲ್ಲ. ಮಿಡ್‌ವೆಸ್ಟಿನ ಒಂದು ಬಾಡಿಗೆ ಹಾಲಿನಲ್ಲಿ, ಹೊರಗೆ ಮಂಜು ಬೀಳುತ್ತಿರುವಾಗ, ಐದು ಸೀಮೆಯ ಕನ್ನಡ ಒಂದೇ ಹಾಡಿನ ಮೇಲೆ ಕೂತದ್ದು ಇಲ್ಲಿ ಮಾತ್ರ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು 1982ರಲ್ಲಿ ಆರಂಭಿಸಿದ ಸಂಗೀತ ಸಂಗ್ರಹಾಲಯ ಗುರುಗ್ರಾಮದಲ್ಲಿದೆ. ಅವೆಲ್ಲ ದೊಡ್ಡ ಕೆಲಸ ಮಾಡಿವೆ. ಆದರೆ ನಮ್ಮ ಹಾಲಿನ ಮೂಲೆಗೆ ಅವರು ಯಾರೂ ಬಂದಿರಲಿಲ್ಲ. ಅಲ್ಲಿ ಇದ್ದದ್ದು ನಮ್ಮಲ್ಲೊಬ್ಬರು ಹೆಗಲ ಮೇಲೆ ಹೊತ್ತ ಕ್ಯಾಮೆರಾ ಒಂದೇ.

ಯಾರು ನೋಡುತ್ತಾರೆ ಎಂದು ಕೇಳುವ ಮೊದಲು, ನೋಡಲು ಯಾರಿಗೆ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ಬೀಗ ಹಾಕಿದ ಕೋಣೆಯಲ್ಲಿಟ್ಟು ಯಾರೂ ಓದುವುದಿಲ್ಲ ಎಂದು ಪುಸ್ತಕವನ್ನು ಬೈಯುವುದು ಯಾವ ನ್ಯಾಯ?

ಎರಡನೆಯದು: “ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿ, ಯೂಟ್ಯೂಬಿಗೆ ಹಾಕಿ, ಮೂಲವನ್ನು ಎಸೆದರಾಯಿತು.”

ಇದನ್ನು ನಾವು ಒಮ್ಮೆ ಮಾಡಿಯಾಗಿದೆ. 2006ರಲ್ಲಿ ಇಪ್ಪತ್ತು ಟೇಪುಗಳನ್ನು ಒಂದು ಅಂಗಡಿಗೆ ಕೊಟ್ಟೆವು. ಇಪ್ಪತ್ತು ಹೊಳೆಯುವ ಡಿವಿಡಿ ಬಂದವು, ಎಲ್ಲರಿಗೂ ಸಂತೋಷವಾಯಿತು, ಟೇಪುಗಳು ಕಸಕ್ಕೆ ಹೋದವು. ಮೊನ್ನೆ ಆ ಡಿವಿಡಿಗಳನ್ನು ಹಾಕಿ ನೋಡಿದೆ. ಒಂಬತ್ತನ್ನು ಯಾವ ಡ್ರೈವೂ ಓದುತ್ತಿಲ್ಲ. ಮನೆಯಲ್ಲಿ ಬರೆಯುವ ಡಿವಿಡಿಯಲ್ಲಿ ಮಾಹಿತಿ ನಿಲ್ಲುವುದು ಒಂದು ಬಣ್ಣದ ಲೇಪದ ಮೇಲೆ. ಬಿಸಿಲು, ಸೆಕೆ, ಕಾಲ, ಎಲ್ಲವೂ ಆ ಲೇಪಕ್ಕೆ ಶತ್ರು. ಅದರ ಮೇಲೆ ಸ್ಟಿಕ್ಕರ್ ಬೇರೆ ಅಂಟಿಸಿದ್ದೇವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಇದಕ್ಕೇ. ಅಂದು ಮೂಲವನ್ನು ಎಸೆಯದೆ ಇಟ್ಟಿದ್ದರೆ ಇಂದು ಇನ್ನೊಮ್ಮೆ ಪ್ರಯತ್ನಿಸಬಹುದಿತ್ತು.

ಇನ್ನು ಗುಣಮಟ್ಟದ ಮಾತು. ಒಂದು ಗಂಟೆಯ ಟೇಪನ್ನು ಏನೂ ಕುಗ್ಗಿಸದೆ ಹಿಡಿದರೆ ಸುಮಾರು 100 ಗಿಗಾಬೈಟ್ ಆಗುತ್ತದೆ. ಏನನ್ನೂ ಕಳೆಯದೆ ಮಡಿಸಿಡುವ ಎಫ್‌ಎಫ್‌ವಿ–1 ಎಂಬ ವಿಧಾನದಲ್ಲಿ 30ರಿಂದ 40 ಗಿಗಾಬೈಟಿಗೆ ಇಳಿಸಬಹುದು. ಅದು ಸೀರೆಯನ್ನು ನೀಟಾಗಿ ಮಡಿಸಿದಂತೆ, ಬಿಡಿಸಿದರೆ ಪೂರ್ತಿ ಸೀರೆ. ಡಿವಿಡಿಯಲ್ಲಿ ಎರಡು ಗಂಟೆ ಕೂಡಿಸಿ ಇರುವ ಜಾಗ 4.7 ಗಿಗಾಬೈಟ್. ಅಂದರೆ ಸೀರೆಯನ್ನು ಕತ್ತರಿಸಿ ಕರವಸ್ತ್ರ ಮಾಡಿದಂತೆ. ಬಿಡಿಸಿ ಬಿಡಿಸಿ ನೋಡಿದರೂ ಕರವಸ್ತ್ರವೇ.

ಅಂಗಡಿಯವರನ್ನು ನಾನು ದೂರುವುದಿಲ್ಲ, ಆದರೆ ಅವರಿಗೆ ನಮ್ಮ ಟೇಪಿನ ಜಾತಕ ಗೊತ್ತಿಲ್ಲ. ನಮ್ಮಲ್ಲಿ ಊರಿನಿಂದ ಬಂದ ಟೇಪುಗಳೂ ಇವೆ. ಭಾರತದ್ದು ಪಾಲ್ ಪದ್ಧತಿ, 625 ಗೆರೆ, ಸೆಕೆಂಡಿಗೆ 25 ಚಿತ್ರ. ಇಲ್ಲಿಯದು ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ ಹೆಚ್ಚುಕಡಿಮೆ 30. ಊರಿನ ಮದುವೆಯ ಕ್ಯಾಸೆಟ್ಟನ್ನು ಇಲ್ಲಿನ ವಿಸಿಆರಿಗೆ ಹಾಕಿ ಗೆರೆಗೆರೆ ಕಂಡು ಪೆಚ್ಚಾದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ಪರಿಚಯದ ಒಂದು ಕುಟುಂಬದ ಅಂಥ ಟೇಪನ್ನು ಒಂದು ಅಂಗಡಿ ‘ಖಾಲಿ’ ಎಂದು ಚೀಟಿ ಹಚ್ಚಿ ವಾಪಸು ಕೊಟ್ಟಿತು. ಆ ‘ಖಾಲಿ’ ಟೇಪಿನಲ್ಲಿ ಅವರ ತಂದೆಯ ಷಷ್ಟ್ಯಬ್ದಿ ಪೂರ್ತಿಪ್ರಸಾದದ ಸಮೇತ ಇತ್ತು. ಜೊತೆಗೆ ನಮ್ಮ ಕೂಟದ ಹಿಂದಿನ ಖಜಾಂಚಿಗಳು ಬಹಳ ಮಿತವ್ಯಯಿಗಳು. ಎರಡು ಗಂಟೆಯ ಕ್ಯಾಸೆಟ್ಟಿನಲ್ಲಿ ಆರು ಗಂಟೆ ತುಂಬುವ ನಿಧಾನದ ವೇಗದಲ್ಲಿ ಚಿತ್ರಿಸಿದ್ದಾರೆ. ಅದರಲ್ಲಿ ಗುರುತುಗಳು ತೀರ ಕಿರಿದಾಗಿರುವುದರಿಂದ ಬೇರೆ ಯಂತ್ರದಲ್ಲಿ ಸರಿಯಾಗಿ ಓದಿಸುವುದೇ ಒಂದು ಸಾಹಸ.

ಯೂಟ್ಯೂಬಿಗೆ ಬರೋಣ. ಅದು ನಾಲ್ಕು ಜನಕ್ಕೆ ತೋರಿಸುವ ಕಿಟಕಿ, ಕಾಪಾಡುವ ಕಣಜವಲ್ಲ. ಗೂಗಲ್ ವಿಡಿಯೊ ಎಂಬುದೊಂದಿತ್ತು, 2012ರಲ್ಲಿ ಮುಚ್ಚಿತು. ಮೈಸ್ಪೇಸಿಗೆ ಜನ ಹನ್ನೆರಡು ವರ್ಷ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಹೋದವು ಎಂದು 2019ರಲ್ಲಿ ಒಂದು ಸಾಲಿನ ವಿಷಾದ ಬಂತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಟೇಪುಗಳಲ್ಲಿ ಇರುವವರನ್ನು ನಾವು ಕೇಳಿದ್ದೇವೆಯೇ? ಅಂದು ಎಂಟು ವರ್ಷದವಳಾಗಿ ಕುಣಿದ ಹುಡುಗಿ ಇಂದು ಎಲ್ಲೋ ಡಾಕ್ಟರಾಗಿದ್ದಾಳೆ. ಅಂದು ಜೊತೆಯಾಗಿ ಯುಗಳಗೀತೆ ಹಾಡಿದ ದಂಪತಿ ಇಂದು ಜೊತೆಯಾಗಿಲ್ಲ. ಊರಿಂದ ಬಂದ ಕಲಾವಿದರು ನಮಗಾಗಿ ಆಡಿದರೇ ಹೊರತು ಇಡೀ ಜಗತ್ತಿಗೆ ಬಿಟ್ಟಿಯಾಗಿ ಹಂಚಿ ಎಂದು ಬರೆದುಕೊಟ್ಟಿಲ್ಲ. ಯಾವುದನ್ನು ಎಲ್ಲರಿಗೂ ತೋರಿಸಬಹುದು, ಯಾವುದನ್ನು ಆ ಮನೆಯವರಿಗೆ ಮಾತ್ರ, ಯಾವುದನ್ನು ಹತ್ತು ವರ್ಷ ಮುಚ್ಚಿಡಬೇಕು ಎಂದು ಗೆರೆ ಎಳೆಯುವುದೂ ಆರ್ಕಿವಿಸ್ಟ್ ಕೆಲಸವೇ.

ಮೂರನೆಯದು: “ಹೈಸ್ಕೂಲ್ ಮಕ್ಕಳಿಗೆ ವಾಲಂಟಿಯರ್ ಗಂಟೆ ಬೇಕು. ಅವರಿಗೆ ಕೊಡಿ. ಕಂಪ್ಯೂಟರ್ ನಮಗಿಂತ ಚೆನ್ನಾಗಿ ಬಲ್ಲರು.”

ಮಕ್ಕಳು ಕಂಪ್ಯೂಟರ್ ಬಲ್ಲರು, ನಿಜ. ವಿಸಿಆರ್ ಬಲ್ಲರೇ? ಅವರು ಹುಟ್ಟುವ ಹೊತ್ತಿಗೆ ಅದು ಗ್ಯಾರೇಜ್ ಸೇಲಿನಲ್ಲಿತ್ತು. ಒಂದು ಟೇಪು ನನ್ನ ಮೇಜಿಗೆ ಬಂದರೆ ಏನೇನಾಗುತ್ತದೆ, ಹೇಳುತ್ತೇನೆ ಕೇಳಿ. ಮೊದಲು ವಾಸನೆ ನೋಡುತ್ತೇನೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೆಳ್ಳಗೆ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕುವ ಮಾತೇ ಇಲ್ಲ. ಹಾಕಿದರೆ ಆ ಟೇಪೂ ಹೋಯಿತು, ಯಂತ್ರವೂ ಹೋಯಿತು, ಅದರ ಹಿಂದೆ ಬರುವ ಟೇಪುಗಳಿಗೂ ಸೋಂಕು ಹತ್ತಿತು. ಬೂಷ್ಟಿಲ್ಲದಿದ್ದರೆ ಒಮ್ಮೆ ತುದಿಯಿಂದ ತುದಿಗೆ ಸುತ್ತಿ ಸಡಿಲ ತೆಗೆಯಬೇಕು. ಯಂತ್ರದ ಹೆಡ್ಡನ್ನು ಆಲ್ಕೋಹಾಲಿನಲ್ಲಿ ಒರೆಸಬೇಕು. ಟೇಪಿನಿಂದ ಬರುವ ಚಿತ್ರ ನಡುಗುತ್ತಿರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಪೆಟ್ಟಿಗೆಯ ಮೂಲಕ ಹಾಯಿಸಬೇಕು. ಬೆಳಕು, ಬಣ್ಣ, ಧ್ವನಿಯ ಮಟ್ಟವನ್ನು ಹೊಂದಿಸಬೇಕು. ಆಮೇಲೆ ಟೇಪು ಓಡುವಷ್ಟೂ ಹೊತ್ತು ಕೂತು ನೋಡಬೇಕು, ವೇಗವಾಗಿ ಓಡಿಸಿ ಮುಗಿಸುವ ಉಪಾಯವಿಲ್ಲ. ಮುಗಿದ ಮೇಲೆ ಎಲ್ಲೆಲ್ಲಿ ಚಿತ್ರ ಹರಿದಿದೆ ಎಂದು ಬರೆದಿಡಬೇಕು. ಕಡತಕ್ಕೆ ಹೆಸರು, ಅದಕ್ಕೊಂದು ಚೆಕ್‌ಸಮ್. ಇದು ಕಡತದ ಬೆರಳಚ್ಚು ಇದ್ದಂತೆ, ಹತ್ತು ವರ್ಷದ ಮೇಲೆ ಒಂದು ಅಕ್ಷರ ಕೆಟ್ಟಿದ್ದರೂ ಸಿಕ್ಕಿಬೀಳುತ್ತದೆ. ಕೊನೆಗೆ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಊರಿನಲ್ಲಿ. ಒಂದು ಗಂಟೆಯ ಟೇಪಿಗೆ ನನಗೆ ಮೂರು ಗಂಟೆ ಹಿಡಿಯುತ್ತದೆ. ಒಂಬತ್ತು ವರ್ಷ ಮಾಡಿದ ಮೇಲೂ ಮೂರೇ.

ಮಕ್ಕಳು ಬೇಡ ಎನ್ನುತ್ತಿಲ್ಲ. ಅವರಿಗೆ ಇದಕ್ಕಿಂತ ದೊಡ್ಡ ಕೆಲಸವೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕನೆಯದು, ಎಲ್ಲಕ್ಕೂ ತಾಯಿಯಾದದ್ದು: “ಇದಕ್ಕೆಲ್ಲ ಕೂಟದಲ್ಲಿ ಹಣವೆಲ್ಲಿದೆ?”

ಲೆಕ್ಕ ಹಾಕೋಣ, ನಾವು ಬಹುಪಾಲು ಎಂಜಿನಿಯರುಗಳೂ ಎಂಜಿನಿಯರುಗಳ ಮನೆಯವರೂ ತಾನೇ. 150 ಟೇಪು, ಸರಾಸರಿ ಒಂದೂವರೆ ಗಂಟೆ ಎಂದರೆ 225 ಗಂಟೆ. ಮೂರರಿಂದ ಗುಣಿಸಿದರೆ 675 ಗಂಟೆ. ವಾರಕ್ಕೆ 20 ಗಂಟೆ ಕೆಲಸ ಮಾಡುವ ಒಬ್ಬರಿಗೆ 34 ವಾರ, ಅಂದರೆ ಎಂಟು ತಿಂಗಳು. ಗಂಟೆಗೆ 25 ಡಾಲರ್ ಎಂದಿಟ್ಟುಕೊಂಡರೆ 16,875 ಡಾಲರ್. ಕಡತಗಳೆಲ್ಲ ಸೇರಿ ಸುಮಾರು 9 ಟೆರಾಬೈಟ್. ಮೂರು ಪ್ರತಿಗೆ ಬೇಕಾಗುವ ಡಿಸ್ಕುಗಳು ಒಂದು ಸಣ್ಣ ಶೂ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ. ಕಳೆದ ದೀಪಾವಳಿಗೆ ಊರಿನಿಂದ ತಾರಾತಂಡವನ್ನು ಕರೆಸಿದ ಖರ್ಚು, ಖಜಾಂಚಿಗಳೇ ಸಭೆಯಲ್ಲಿ ಓದಿದ ಪ್ರಕಾರ, 22,000 ಡಾಲರ್. ಆ ಸಂಜೆ ನಾನೂ ಇದ್ದೆ, ಚಪ್ಪಾಳೆಯನ್ನೂ ತಟ್ಟಿದೆ. ಏನು ಹಾಡಿದರು ಎಂದು ಈಗ ಕೇಳಿದರೆ ನೆನಪಿಲ್ಲ. ಒಂದು ಸಂಜೆಗೆ ಇರುವ ಹಣ ಐವತ್ತು ವರ್ಷಕ್ಕೆ ಇಲ್ಲವೆಂದರೆ ಅದನ್ನು ಬಡತನ ಎನ್ನಲಾಗದು, ಅದು ಆಯ್ಕೆ. ಆಯ್ಕೆ ಎಂದು ಒಪ್ಪಿಕೊಂಡು ಮಾಡಿದರೆ ನನ್ನ ತಕರಾರು ಅರ್ಧಕ್ಕೆ ಇಳಿಯುತ್ತದೆ.

“ಹಾಗಾದರೆ ನೀವೇ ಮಾಡಿಕೊಡಿ, ಕೂಟದ ಸೇವೆ ಎಂದುಕೊಳ್ಳಿ” ಎಂದು ಇಬ್ಬರು ಈಗಾಗಲೇ ಫೋನ್ ಮಾಡಿ ಹೇಳಿದ್ದಾರೆ. ಲೈಬ್ರರಿಯ ಯಂತ್ರಗಳನ್ನು ನಾನು ಸ್ವಂತಕ್ಕೆ ಮುಟ್ಟುವಂತಿಲ್ಲ, ಅದು ಒಂದು. ಕೂಟ ಹಣ ಕೊಟ್ಟರೂ ಆ ಹುದ್ದೆಗೆ ನಾನು ಅರ್ಜಿ ಹಾಕುವುದಿಲ್ಲ, ಇದು ಎರಡು. ಬರೆದಿಟ್ಟುಕೊಳ್ಳಿ. ಸ್ವಂತ ಲಾಭಕ್ಕೆ ಬರೆದಳು ಎಂಬ ಮಾತು ಬೇಡ. ಮೂರನೆಯದು ಮುಖ್ಯ. ಹಾಲಿನ ಬಾಡಿಗೆ ಕೊಡುತ್ತೇವೆ, ಅಡುಗೆಯವರಿಗೆ ಕೊಡುತ್ತೇವೆ, ಸೌಂಡ್ ಸಿಸ್ಟಮ್ಮಿನವನಿಗೆ ಮುಂಗಡವೇ ಕೊಡುತ್ತೇವೆ. ನೆನಪು ಕಾಪಾಡುವ ಕೆಲಸಕ್ಕೆ ಮಾತ್ರ ‘ಸೇವೆ’ ಎಂದು ಹೆಸರಿಡುತ್ತೇವೆ. ಬಿಟ್ಟಿ ಕೆಲಸ ಯಾವಾಗಲೂ ಬರುವ ವಾರಕ್ಕೆ ಹೋಗುತ್ತದೆ. ನಮ್ಮ ಈ ಪೆಟ್ಟಿಗೆಗಳು ‘ಬರುವ ಬೇಸಿಗೆಯಲ್ಲಿ ಯಾರಾದರೂ ನೋಡುತ್ತಾರೆ’ ಎಂಬ ನಂಬಿಕೆಯಲ್ಲಿ ಹದಿನೇಳು ಬೇಸಿಗೆ ಕಳೆದಿವೆ. ನಾನು ದುಡಿಯುವ ಲೈಬ್ರರಿಯೂ ಈ ವಿಷಯದಲ್ಲಿ ಸಾಚಾ ಏನಲ್ಲ. ಸಾವಿರಾರು ಟೇಪಿಗೆ ಅರ್ಧ ಆಸಾಮಿಯನ್ನು ಇಟ್ಟಿದೆ. ಆ ಅರ್ಧ ಆಸಾಮಿ ನಾನೇ. ಆದರೂ ಅರ್ಧ ಇಟ್ಟಿದೆ. ನಾವು ಸೊನ್ನೆ.

ಈಗ ಅವಸರವೇಕೆ ಎಂಬ ಪ್ರಶ್ನೆ. ಟೇಪೆಂದರೆ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಾಂತದ ಪುಡಿ. ಆ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಕ್ರಮೇಣ ಕೆಡುತ್ತದೆ. ಟೇಪು ಉಳಿದರೂ ಅದನ್ನು ಓದುವ ಯಂತ್ರ ಬೇಕಲ್ಲ? ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆಯನ್ನು 2016ರ ಜುಲೈನಲ್ಲಿ ನಿಲ್ಲಿಸಿತು. ಅಲ್ಲಿಗೆ ಹೊಸ ಯಂತ್ರದ ಕಥೆ ಮುಗಿಯಿತು. ನಾವು ಲೈಬ್ರರಿಯಲ್ಲಿ ಎರಡು ಸತ್ತ ಯಂತ್ರದ ಅಂಗಾಂಗ ಕಿತ್ತು ಒಂದನ್ನು ಬದುಕಿಸಿಕೊಂಡಿದ್ದೇವೆ. ರಿಪೇರಿ ಬಲ್ಲವರು ನಿವೃತ್ತರಾಗುತ್ತಿದ್ದಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯದವರು 2015ರಲ್ಲೇ ಎಚ್ಚರಿಸಿದ್ದರು: 2025ರೊಳಗೆ ಇಳಿಸಿಕೊಳ್ಳದ ಟೇಪುಗಳು ಬಹುಪಾಲು ಕೈತಪ್ಪಿದಂತೆಯೇ ಎಂದು. 2019ರಲ್ಲಿ ಯುನೆಸ್ಕೊ ಕೂಡ ಅದೇ ಗಂಟೆ ಬಾರಿಸಿತು. ಆ ಗಡುವು ಬಂದೇಬಿಟ್ಟಿತು, ನಮ್ಮ ಪೆಟ್ಟಿಗೆಗಳ ಗಂಟು ಬಿಚ್ಚಿಲ್ಲ. ಯಂತ್ರಗಳು ಬೀದಿಬೀದಿಯಲ್ಲಿ ಸಿಗುತ್ತಿದ್ದಾಗ ನಮ್ಮ ಹತ್ತಿರ ದುಡ್ಡಿರಲಿಲ್ಲ, ಒಂದೊಂದು ಡಾಲರಿಗೂ ರೂಪಾಯಿ ಲೆಕ್ಕ ಹಾಕುತ್ತಿದ್ದೆವು. ಈಗ ದುಡ್ಡಿದೆ, ಯಂತ್ರಗಳು ಹೋಗುತ್ತಿವೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಇನ್ನೂ ಎರಡು ಹಲ್ಲು ಅಲ್ಲಾಡುತ್ತಾ ಉಳಿದಿವೆ, ಅಷ್ಟರಲ್ಲಿ ತಿಂದುಬಿಡೋಣ ಎಂಬುದು ನನ್ನ ಅಂಬೋಣ.

ದೊಡ್ಡವರೂ ಈ ತಪ್ಪು ಮಾಡಿದ್ದಾರೆ ಎಂಬುದು ಸಮಾಧಾನವಲ್ಲ, ಪಾಠ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ನೇರ ಬಂದ ಸಂಕೇತಗಳನ್ನು ಹಿಡಿದಿಟ್ಟ ಮೂಲ ಟೇಪುಗಳನ್ನು ನಾಸಾದವರು ವರ್ಷಗಟ್ಟಲೆ ಹುಡುಕಿ, ಅವನ್ನು ಬಹುಶಃ ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿರಬೇಕು ಎಂದು 2009ರಲ್ಲಿ ಒಪ್ಪಿಕೊಂಡರು. ಯಾರೋ ದುಷ್ಟರು ಮಾಡಿದ್ದಲ್ಲ. ಜಾಗ ಬೇಕಿತ್ತು, ಟೇಪು ಬೇಕಿತ್ತು, ‘ಸೂಕ್ತ ರೀತಿಯಲ್ಲಿ’ ನಡೆದುಹೋಯಿತು.

ನಾನೂ ಇದೇ ಪಾಪ ಮಾಡಿದವಳು. ದೂರದರ್ಶನದ ಮಹಾಭಾರತ ಕ್ಯಾಸೆಟ್ಟಿನಲ್ಲಿ ಇಲ್ಲಿಗೆ ಬರುತ್ತಿದ್ದ ಕಾಲ. ಎರಡು ವಿಸಿಆರ್ ಜೋಡಿಸಿ ಒಂದು ಕಂತನ್ನು ನಕಲು ಮಾಡಿಕೊಳ್ಳಲು ಖಾಲಿ ಟೇಪು ಇರಲಿಲ್ಲ. ಕೈಗೆ ಸಿಕ್ಕಿದ ಒಂದರ ಮೇಲೆ ಇಳಿಸಿದೆ. ಅದರಲ್ಲಿ ನಮ್ಮತ್ತೆ ಇಲ್ಲಿಗೆ ಬಂದಿದ್ದಾಗ ಗೌರಿ ಹಬ್ಬದ ದಿನ ಹಾಡಿದ್ದ ಹಾಡುಗಳಿದ್ದವು. ಅವರು ಮತ್ತೆ ಬರಲಿಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರಿರುತ್ತದೆ. ಅದನ್ನು ಮುರಿದಿಟ್ಟರೆ ಆ ಟೇಪಿನ ಮೇಲೆ ಬೇರೆಯದನ್ನು ಇಳಿಸಲು ವಿಸಿಆರ್ ಒಪ್ಪುವುದಿಲ್ಲ. ಅರೆ ಕ್ಷಣದ ಕೆಲಸ. ಅಂದು ಅದನ್ನು ಮುರಿದಿಟ್ಟಿರಲಿಲ್ಲ. ಆ ಟೇಪು ಇಂದಿಗೂ ನನ್ನ ಹತ್ತಿರ ಇದೆ. ಮಹಾಭಾರತದ ಕಂತು ಮುಗಿದ ಮೇಲೆ, ಕೊನೆಯಲ್ಲಿ, ಹನ್ನೊಂದು ಸೆಕೆಂಡು ಅತ್ತೆ ಉಳಿದಿದ್ದಾರೆ. ಹಾಡು ಮುಗಿಸಿ “ಸಾಕಲ್ಲ?” ಎಂದು ಕೇಳುತ್ತಾರೆ.

ಇನ್ನು ಮಕ್ಕಳ ಕೆಲಸಕ್ಕೆ ಬರುತ್ತೇನೆ. ನಮ್ಮ ಲೈಬ್ರರಿಯಲ್ಲಿ 1960ರ ದಶಕದ ಒಂದು ಸುರುಳಿ ಟೇಪು ಇತ್ತು. ಯಾರೋ ಪ್ರೊಫೆಸರ್ ಭಾರತಕ್ಕೆ ಹೋಗಿದ್ದಾಗ ಮಾಡಿಕೊಂಡದ್ದು. ಪಟ್ಟಿಯಲ್ಲಿ ‘ಹೆಂಗಸರ ಹಾಡು, ಭಾಷೆ ಬಹುಶಃ ಹಿಂದಿ’ ಎಂದಿತ್ತು. ಹೆಡ್‌ಫೋನ್ ಹಾಕಿದೆ. ಬೀಸುವ ಕಲ್ಲಿನ ಗರಗರ, ಅದರ ಮೇಲೆ ಉತ್ತರ ಕರ್ನಾಟಕದ ಅಚ್ಚ ಕನ್ನಡ. ‘ಹಿಂದಿ’ ಅಳಿಸಿ ‘ಕನ್ನಡ, ಬೀಸುವ ಪದ’ ಎಂದು ಬರೆಯಲು ಎರಡು ನಿಮಿಷ ಹಿಡಿಯಿತು. ಅದಕ್ಕೂ ಮೊದಲು ಅರ್ಧ ಶತಮಾನ ಆ ಹೆಂಗಸರು ಅಲ್ಲಿ ಹಿಂದಿಯವರಾಗಿ ಕೂತಿದ್ದರು. ಹೆಸರುಗಳು ಮಾತ್ರ ಇಂದಿಗೂ ಇಲ್ಲ. ಹೇಳಬಲ್ಲವರು ಯಾರೂ ಉಳಿದಿಲ್ಲ.

ನಮ್ಮ ಪೆಟ್ಟಿಗೆಗಳಿಗೂ ಇದೇ ಆಗುತ್ತಿದೆ. ಯುಗಾದಿಯ ಆ ಐವರಲ್ಲಿ ಮೂವರನ್ನು ಗುರುತು ಹಿಡಿದಿದ್ದೇನೆ. ಉಳಿದಿಬ್ಬರು ಯಾರೆಂದು ಕೇಳೋಣವೆಂದರೆ ಅಂದು ಕ್ಯಾಮೆರಾ ಹಿಡಿದವರು ಕಳೆದ ನವೆಂಬರಿನಲ್ಲಿ ತೀರಿಕೊಂಡರು. ಟೇಪು ಹಾಳಾಗುವುದಕ್ಕಿಂತ ವೇಗವಾಗಿ ನಾವು ಖಾಲಿಯಾಗುತ್ತಿದ್ದೇವೆ. ಟೇಪು ಇಳಿಸಲು ಯಾವ ದೇಶದ ಆರ್ಕಿವಿಸ್ಟ್ ಆದರೂ ಆದೀತು. “ಇದು ಇಂಥವರ ತಾಯಿ, ಇವರು ಇಂಥ ಊರಿನವರು” ಎಂದು ಹೇಳಲು ನಾವೇ ಬೇಕು, ಬದುಕಿರುವಾಗಲೇ ಬೇಕು. ಆದ್ದರಿಂದ ಯಂತ್ರದ ಕೆಲಸ ಸಂಬಳದವರಿಗಿರಲಿ. ಮಕ್ಕಳು ಒಬ್ಬೊಬ್ಬ ಹಿರಿಯರ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಇಳಿಸಿದ ಚಿತ್ರ ಓಡಿಸಿ, “ಇವರು ಯಾರು ತಾತ?” ಎಂದು ಕೇಳಿ ಬರೆದುಕೊಳ್ಳಲಿ. ಕನ್ನಡ ಶಾಲೆಯಲ್ಲಿ ಆರು ವರ್ಷ ಕಲಿಸಿದ್ದು ಒಂದು ಸಂಜೆಯಲ್ಲಿ ಬಳಕೆಗೆ ಬರುತ್ತದೆ.

ನನ್ನ ಬೇಡಿಕೆಗಳು ಇಷ್ಟು. ಯುಗಾದಿಯ ದಿನದ ಸರ್ವಸದಸ್ಯರ ಸಭೆಯಲ್ಲಿ ಠರಾವಾಗಿ ಮಂಡಿಸುತ್ತೇನೆ, ಅನುಮೋದಿಸುವವರು ಮೊದಲೇ ತಿಳಿಸಿ.

ಒಂದು, ಪಟ್ಟಿ ಆಗುವವರೆಗೆ ಒಂದು ಟೇಪನ್ನೂ ಎಸೆಯಕೂಡದು. ಕೋಣೆ ಬಿಡುವುದಾದರೆ ಬಿಡಿ. ಪೆಟ್ಟಿಗೆಗಳನ್ನು ನೆಲಮಾಳಿಗೆಯಲ್ಲದ, ತೇವವಿಲ್ಲದ ಒಂದು ಒಳಕೋಣೆಯಲ್ಲಿಡಲು ನಮ್ಮ ಮನೆ ಕೊಡುತ್ತೇನೆ.

ಎರಡು, ಎಂಟು ತಿಂಗಳಿಗೆ ಒಬ್ಬ ಪಾರ್ಟ್‌ಟೈಮ್ ಆರ್ಕಿವಿಸ್ಟನ್ನು ಸಂಬಳ ಕೊಟ್ಟು ನೇಮಿಸಬೇಕು. ಒಂದು ವರ್ಷ ತಾರಾತಂಡ ಬೇಡ. ನಮ್ಮ ಮಕ್ಕಳೇ ನಾಟಕ ಆಡಲಿ.

ಮೂರು, ಇಳಿಸಿದ ಮೇಲೂ ಮೂಲ ಟೇಪುಗಳನ್ನು ಇಟ್ಟುಕೊಳ್ಳಬೇಕು. ಮೂರು ಪ್ರತಿಗಳಲ್ಲಿ ಒಂದು ಬೇರೆ ರಾಜ್ಯದಲ್ಲಿರುವ ಸದಸ್ಯರ ಮನೆಯಲ್ಲಿರಲಿ. ದಕ್ಷಿಣ ಏಷ್ಯಾ ಮೂಲದ ಅಮೆರಿಕನ್ನರ ದಾಖಲೆಗಳಿಗೆಂದೇ 2008ರಲ್ಲಿ ಹುಟ್ಟಿದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್‌ನಂಥ ಸಂಸ್ಥೆಯೊಡನೆ ಮಾತಾಡಬೇಕು.

ನಾಲ್ಕು, ಯಾವುದನ್ನೂ ಆ ಮನೆಯವರನ್ನು ಕೇಳದೆ ಎಲ್ಲರೂ ನೋಡುವ ಕಡೆ ಹಾಕಕೂಡದು.

ಇದರ ಜೊತೆಗೆ ಪ್ರತಿ ಮನೆಯವರಲ್ಲಿ ಒಂದು ವಿನಂತಿ, ಇದಕ್ಕೆ ಯಾವ ಠರಾವೂ ಬೇಡ. ಇವತ್ತೇ ನಿಮ್ಮ ನೆಲಮಾಳಿಗೆಗೆ ಇಳಿದು ಟೇಪುಗಳನ್ನು 찾ಿ ತೆಗೆಯಿರಿ. ಮೇಲಿನ ಕೋಣೆಗೆ ತಂದು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿಯಿರಿ. ಬೂಷ್ಟು ಕಂಡದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಇಡಿ, ಆಡಿಸಿ ನೋಡಬೇಡಿ. ಯಾರೋ ಹೇಳಿದರೆಂದು ಅಡುಗೆಮನೆಯ ಅವನ್ನಿನಲ್ಲಿ ಟೇಪು ಬೇಯಿಸಲು ಹೋಗಬೇಡಿ. ಆ ಚಿಕಿತ್ಸೆ ಕೆಲವು ಜಾತಿಯ ಟೇಪುಗಳಿಗೆ ಮಾತ್ರ, ತಿಳಿದವರು ಅಳೆದ ಶಾಖದಲ್ಲಿ ಮಾಡುವಂಥದು. ಒಂದು ಚೀಟಿಯಲ್ಲಿ ಇಸವಿ, ಊರು, ಕಾಣುವವರ ಹೆಸರು ಬರೆದು ಡಬ್ಬದೊಳಗೆ ಇಡಿ. ‘ಇತರೆ’ ಎಂದು ಮಾತ್ರ ಬರೆಯಬೇಡಿ.

ಅಣ್ಣನವರಿಗೆ ಕೊನೆಯದಾಗಿ ಒಂದು ಮಾತು. ನಾಲ್ಕನೆಯ ಪೆಟ್ಟಿಗೆಯಲ್ಲಿ ‘ರಾಜ್ಯೋತ್ಸವ 91, ನಾಟಕ’ ಎಂಬ ಟೇಪು ಇದೆ. ಅದರಲ್ಲಿ ದೂತನ ಪಾತ್ರದವರು ಮಾತು ಮರೆತು, ರಾಜನನ್ನೇ “ಮುಂದೇನು ಸ್ವಾಮಿ?” ಎಂದು ಕೇಳಿ ಇಡೀ ಸಭೆಯನ್ನು ನಗಿಸುತ್ತಾರೆ. ಮುಂದಿನ ಸಾಲಿನಲ್ಲಿ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುವುದು ಸ್ಪಷ್ಟವಾಗಿ ಕಾಣುತ್ತದೆ, ಕೇಳುತ್ತದೆ. ಅತ್ತಿಗೆ ಹೋಗಿ ಮೂರು ವರ್ಷವಾಯಿತು. ಆ ಟೇಪನ್ನು ನಾನು ಬೇರೆ ತೆಗೆದಿಟ್ಟಿಲ್ಲ. ನಾಲ್ಕನೆಯ ಪೆಟ್ಟಿಗೆಯಲ್ಲೇ ವಾಪಸು ಇಟ್ಟು ಬಂದಿದ್ದೇನೆ. ವಿಲೇವಾರಿಯ ಪರವಾಗಿ ಕೈ ಎತ್ತುವ ಮುನ್ನ ಅಣ್ಣ ಒಮ್ಮೆ ನಮ್ಮ ಮನೆಗೆ ಬಂದು ನೋಡಲಿ. ಮಜ್ಜಿಗೆಹುಳಿ ನಾನು ಮಾಡುತ್ತೇನೆ.

ಸಂಪಾದಕರು ಎರಡು ಪುಟ ಎಂದಿದ್ದರು, ಹೆಚ್ಚಾಗಿದೆ. ಜೆರಾಕ್ಸಿನ ಖರ್ಚು ನನ್ನ ಲೆಕ್ಕಕ್ಕೆ ಬರೆದುಕೊಳ್ಳಲಿ.

— ಕೂಟದ ಒಬ್ಬ ಹಳೆಯ ಸದಸ್ಯೆ